ಹಸು-ಕರು, ನೇಗಿಲು ಹೊತ್ತ ರೈತ ಮತ್ತು ನಮ್ಮ ಮನೆಯ ಎರಡು ಓಟು

2024ರ ಏಪ್ರಿಲ್ 26ರಂದು ಓಟು ಹಾಕಲು ಊರಿಗೆ ಹೋಗಿದ್ದೆ. ಊರು ಅಂದರೆ ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ಅದರ ಕೆಳಗೆ ಗದ್ದೆ, ಮೇಲೆ ಗುಡ್ಡ. ತಮ್ಮನ ಮಗನಿಗೆ ಅದು ಮೊದಲನೇ ಓಟು. ಬೆರಳಿನ ಶಾಯಿಯನ್ನು ದಾರಿಯುದ್ದಕ್ಕೂ ನೋಡಿಕೊಳ್ಳುತ್ತಾ ಬಂದ ಹುಡುಗ ಮನೆ ಜಗಲಿಯಲ್ಲಿ ಕೂತು ಕೇಳಿದ: "ದೊಡ್ಡಪ್ಪ, ನಿಮ್ಮ ಕಾಲದಲ್ಲೂ ಹೀಗೇ ಇತ್ತಾ? ಒಬ್ಬರು ಬಂದುಬಿಟ್ರೆ ಎಲ್ಲ ಸರಿ ಹೋಗುತ್ತೆ ಅಂತ ಎಲ್ಲರೂ ಅಂದ್ಕೊಳ್ತಿದ್ರಾ?"

ನಾನು ನಕ್ಕು ಸುಮ್ಮನಾದೆ. ಅವನ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಅದೇ ಸಂಜೆ ಅಟ್ಟದ ಮೇಲಿದ್ದ ಅಪ್ಪಯ್ಯನ ಹಳೇ ಟ್ರಂಕು ಇಳಿಸಿದೆವು. ಅಪ್ಪಯ್ಯ ತೀರಿಕೊಂಡ ಮೇಲೆ ಅದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಪಹಣಿ, ಕಂದಾಯದ ರಸೀತಿ, ನಮ್ಮ ಮಾರ್ಕ್ಸ್ ಕಾರ್ಡು, ಗೆದ್ದಲು ತಿಂದ ಪಂಚಾಂಗ... ಇವೆಲ್ಲದರ ನಡುವೆ ಒಂದು ಖಾಕಿ ಲಕೋಟೆ. ಅದರೊಳಗೆ ಎರಡು ಕಾಗದ. ಒಂದು, 1976ರಲ್ಲಿ ಭೂ ನ್ಯಾಯಮಂಡಳಿ ನಮ್ಮ ಅಜ್ಜಯ್ಯನ ಹೆಸರಿಗೆ ಮೂರು ಎಕರೆ ಗದ್ದೆ ಕೊಟ್ಟ ತೀರ್ಪಿನ ಪ್ರತಿ. ಇನ್ನೊಂದು, ಅಪ್ಪಯ್ಯ ಅದೇ ವರ್ಷ ಜೈಲಿನಲ್ಲಿದ್ದ ಗೆಳೆಯರಿಗೆ ಬರೆದ ಇನ್‌ಲ್ಯಾಂಡ್ ಪತ್ರ. ವಿಳಾಸ ಬರೆದಿದೆ, ಅಂಟು ಹಚ್ಚಿದೆ. ಆದರೆ ಅಂಚೆಗೆ ಹಾಕಿಲ್ಲ.

ಈ ಎರಡು ಕಾಗದ ಒಂದೇ ಲಕೋಟೆಯಲ್ಲಿ ಯಾಕಿದ್ದವು ಅಂತ ಅರ್ಥ ಮಾಡಿಕೊಳ್ಳಬೇಕಾದರೆ 1977ರ ಮಾರ್ಚ್ ತಿಂಗಳಿಗೆ ಹೋಗಬೇಕು. ಹುಡುಗನ ಪ್ರಶ್ನೆಗೂ ಉತ್ತರ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ. ಸ್ವಲ್ಪ ಉದ್ದದ ಕಥೆ, ಬೇಜಾರಿಲ್ಲದಿದ್ದರೆ ಓದಿ.

* * *

1977ರಲ್ಲಿ ನನಗೆ ಒಂಬತ್ತು ವರ್ಷ. ತುರ್ತು ಪರಿಸ್ಥಿತಿ ಅಂದರೆ ಏನು ಅಂತ ಗೊತ್ತಿರಲಿಲ್ಲ. ಮನೆಯಲ್ಲಿ ದೊಡ್ಡವರು ಕೆಲವು ಮಾತುಗಳನ್ನು ಮೆಲ್ಲಗೆ ಆಡುತ್ತಿದ್ದರು, ಅಷ್ಟು ನೆನಪು. ಉಳಿದದ್ದೆಲ್ಲ ನಾನು ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಅವರು ರಾಯ್‌ಬರೇಲಿಯಿಂದ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿದರು. ದಾವೆ ಹಾಕಿದ್ದವರು 1971ರಲ್ಲಿ ಅಲ್ಲಿ ಸೋತಿದ್ದ ರಾಜ್ ನಾರಾಯಣ್. ಜೂನ್ 24ರಂದು ಸುಪ್ರೀಂ ಕೋರ್ಟಿನ ಕೃಷ್ಣ ಅಯ್ಯರ್ ಅವರು ಷರತ್ತು ಹಾಕಿ ತಡೆಯಾಜ್ಞೆ ಕೊಟ್ಟರು. ಮರುದಿನ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ ನಾರಾಯಣರ ಸಭೆ. ಅಂದು ರಾತ್ರಿಯೇ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು.

ಇದೆಲ್ಲ ದೂರದ ದೆಹಲಿಯಲ್ಲಿ ನಡೆದದ್ದು ಅನ್ನಿಸಬಹುದು. ಆದರೆ ಮರುದಿನ ಬೆಳಿಗ್ಗೆಯೇ ಅದು ಬೆಂಗಳೂರಿಗೆ ಬಂತು. ಸಂಸದೀಯ ಸಮಿತಿಯ ಸಭೆಗೆಂದು ಬಂದು ಶಾಸಕರ ಭವನದಲ್ಲಿ ಉಳಿದಿದ್ದ ವಾಜಪೇಯಿ, ಅಡ್ವಾಣಿ ಇವರನ್ನು ಜೂನ್ 26ರಂದು ಅಲ್ಲೇ ಬಂಧಿಸಿದರು. ಶ್ಯಾಮನಂದನ ಮಿಶ್ರಾ, ಮಧು ದಂಡವತೆ ಕೂಡಾ ಬೆಂಗಳೂರಿನಲ್ಲೇ ಸಿಕ್ಕಿಬಿದ್ದರು. ಎಲ್ಲರನ್ನೂ ಸೆಂಟ್ರಲ್ ಜೈಲಿಗೆ ಹಾಕಿದರು. ಈಗ ಬೆಂಗಳೂರಿನವರು ಧರಣಿ ಕೂರಲು ಹೋಗುವ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಜೈಲು. ನಮ್ಮ ರಾಜ್ಯದ ರಾಮಕೃಷ್ಣ ಹೆಗಡೆ, ದೇವೇಗೌಡ, ಜೆ.ಎಚ್. ಪಟೇಲ್ ಕೂಡಾ ಆ ಅವಧಿಯಲ್ಲಿ ಜೈಲು ಕಂಡವರೇ. ಈ ಮೂವರೂ ಮುಂದೆ ಮುಖ್ಯಮಂತ್ರಿಗಳಾದರು, ಒಬ್ಬರು ಪ್ರಧಾನಿಯೂ ಆದರು. ಆದರೆ ಆಗ ಹೀಗಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಎಲ್ಲರೂ ಹೊರಗೆ ಬಂದು ಅಧಿಕಾರ ಹಿಡಿಯಲಿಲ್ಲ. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಹಿಡಿದು ಅದೇ ಜೈಲಿನಲ್ಲಿಟ್ಟರು. ಆಕೆಗೆ ವಿಪರೀತ ಆಸ್ತಮಾ. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. ಜನವರಿ 18ಕ್ಕೆ ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. ಜನವರಿ 20ಕ್ಕೆ ಸ್ನೇಹಲತಾ ತೀರಿಕೊಂಡರು. ಈ ಮೂರು ತಾರೀಕುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ತಲೆತಪ್ಪಿಸಿಕೊಂಡಿದ್ದರು. ಅವರೆಲ್ಲಿದ್ದಾರೆ ಹೇಳು ಅಂತ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ಜಾರ್ಜ್ 1976ರ ಜೂನಿನಲ್ಲಿ ಕಲ್ಕತ್ತೆಯಲ್ಲಿ ಸಿಕ್ಕಿದರು. ಇಡೀ ದೇಶದಲ್ಲಿ ಹೀಗೆ ಒಳಗೆ ಹೋದವರು ಒಂದು ಲಕ್ಷಕ್ಕೂ ಹೆಚ್ಚು.

ಆ ಒಂದು ಲಕ್ಷದಲ್ಲಿ ಅಪ್ಪಯ್ಯನ ಗೆಳೆಯರೊಬ್ಬರೂ ಇದ್ದರು.

* * *

ಅಪ್ಪಯ್ಯ ಹೈಸ್ಕೂಲ್ ಮೇಷ್ಟ್ರು. ಶಿವಮೊಗ್ಗದಲ್ಲಿ ಓದುವಾಗ ಶಾಂತವೇರಿ ಗೋಪಾಲಗೌಡರ ಭಾಷಣ ಕೇಳಿ ತಲೆ ಕೆಡಿಸಿಕೊಂಡವರು. ಲೋಹಿಯಾ ಪುಸ್ತಕಗಳನ್ನು ಬೈಂಡು ಹಾಕಿಸಿ ಇಟ್ಟಿದ್ದರು. ಅವರ ಗೆಳೆಯರೂ ಮೇಷ್ಟ್ರೇ, ಅವರೂ ಸಮಾಜವಾದಿ. 1975ರ ನವೆಂಬರಿನಲ್ಲಿ ತುರ್ತು ಪರಿಸ್ಥಿತಿಯ ವಿರುದ್ಧ ದೇಶದಾದ್ಯಂತ ಸತ್ಯಾಗ್ರಹ ಶುರುವಾಯಿತು. ಆ ದಿನಗಳಲ್ಲಿ ಅವರು ಕರಪತ್ರ ಹಂಚಿ ಜೈಲಿಗೆ ಹೋದರು. ಕರಪತ್ರದ ಒಂದು ಕಟ್ಟು ನಮ್ಮ ಮನೆಗೂ ಬಂದಿತ್ತಂತೆ. ಅಜ್ಜಯ್ಯ ಅದನ್ನು ಬಚ್ಚಲ ಒಲೆಗೆ ಹಾಕಿದರು.

"ಕೇಸು ನಡೀತಾ ಉಂಟು. ಈಗ ನೀನು ಪೊಲೀಸರ ಕಣ್ಣಿಗೆ ಬಿದ್ರೆ ಗದ್ದೆ ಹೋಯ್ತು ಅಂತ ತಿಳ್ಕೋ" ಅಂದರಂತೆ ಅಜ್ಜಯ್ಯ.

ಕೇಸು ಅಂದರೆ ಭೂ ನ್ಯಾಯಮಂಡಳಿಯ ಕೇಸು. ನಮ್ಮ ಅಜ್ಜಯ್ಯ ಗೇಣಿ ಒಕ್ಕಲು. ಅವರ ಅಪ್ಪನೂ ಗೇಣಿ ಒಕ್ಕಲೇ. ಗದ್ದೆಗೆ ಇಳಿಯುವವರು ನಾವು, ಪಟ್ಟೆ ಇರುವುದು ಒಡೆಯರ ಹೆಸರಿನಲ್ಲಿ. ಸುಗ್ಗಿಯಾದ ತಕ್ಷಣ ಒಡೆಯರ ಮನೆಯ ಗೇಣಿ ಅಳೆದು ಕೊಟ್ಟು, ಉಳಿದದ್ದರಲ್ಲಿ ವರ್ಷ ಕಳೆಯಬೇಕು. ಮಳೆ ಕೈಕೊಟ್ಟರೂ ಗೇಣಿ ಕೈಬಿಡುವಂತಿಲ್ಲ. ಬಾಕಿ ಬಿದ್ದರೆ ಮುಂದಿನ ವರ್ಷ ಗದ್ದೆ ಬೇರೆಯವರಿಗೆ.

1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅವರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಆವತ್ತಿನಿಂದ ಗೇಣಿ ಪದ್ಧತಿ ಹೋಯಿತು. ಗೇಣಿಗಿದ್ದ ಜಮೀನೆಲ್ಲ ಸರ್ಕಾರದ್ದು, ಉಳುವವನು ಅರ್ಜಿ ಹಾಕಿಕೊಂಡರೆ ಅವನದ್ದು. ಆ ಅರ್ಜಿಗೆ ಏಳನೇ ನಂಬರ್ ಫಾರಂ ಅಂತ ಹೆಸರು. ನಮ್ಮ ಕಡೆ 'ಡಿಕ್ಲರೇಷನ್ ಕೊಡೋದು' ಅನ್ನುತ್ತಿದ್ದರು. ತಾಲ್ಲೂಕು ತಾಲ್ಲೂಕಿಗೂ ನ್ಯಾಯಮಂಡಳಿ ಬಂತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸ್ಥಳೀಯ ಶಾಸಕರೂ ಇತರ ಸದಸ್ಯರೂ. ಎಲ್ಲಕ್ಕಿಂತ ದೊಡ್ಡದೆಂದರೆ, ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ. ಒಡೆಯರು ಶಿವಮೊಗ್ಗದಿಂದಲೋ ಬೆಂಗಳೂರಿನಿಂದಲೋ ವಕೀಲರನ್ನು ಕರೆತಂದು ಒಕ್ಕಲಿನ ಬಾಯಿ ಮುಚ್ಚಿಸುವ ಹಾಗಿರಲಿಲ್ಲ. ಅಜ್ಜಯ್ಯ ತನ್ನ ಬಾಯಿಂದ ತಾನೇ ಹೇಳಿಕೊಳ್ಳಬಹುದಿತ್ತು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಿದ್ದವು. ಅರ್ಧಕ್ಕಿಂತ ಹೆಚ್ಚು ಒಕ್ಕಲುಗಳ ಪರವಾಗಿಯೇ ತೀರ್ಮಾನವಾದವು.

ಅಪ್ಪಯ್ಯ ಗೆಳೆಯರನ್ನು ನೋಡಲು ಜೈಲಿಗೆ ಹೋಗಲಿಲ್ಲ. ಪತ್ರ ಬರೆದರು, ಅದನ್ನೂ ಹಾಕಲಿಲ್ಲ. ಇತ್ತ 1976ರಲ್ಲಿ ತೀರ್ಪು ಅಜ್ಜಯ್ಯನ ಪರವಾಗಿ ಬಂತು. ಈಗ ಗೊತ್ತಾಯಿತಲ್ಲ, ಆ ಎರಡು ಕಾಗದ ಒಂದೇ ಲಕೋಟೆಯಲ್ಲಿ ಯಾಕಿದ್ದವು ಅಂತ. ಗದ್ದೆ ಸಿಕ್ಕಿದ್ದಕ್ಕೆ ತಾನು ಕೊಟ್ಟ ಬೆಲೆ ತನ್ನ ಮೌನ ಅಂತ ಅಪ್ಪಯ್ಯ ತಿಳಿದಿದ್ದರು. ಜೀವನಪೂರ್ತಿ ಹಾಗೇ ತಿಳಿದಿದ್ದರು ಅಂತ ಆ ಟ್ರಂಕು ನೋಡಿದ ಮೇಲೆ ನನಗೆ ಗೊತ್ತಾಯಿತು.

* * *

ಈಗ ಚುನಾವಣೆಗೆ ಬರೋಣ.

1971ರಲ್ಲಿ ಆರಿಸಿ ಬಂದ ಲೋಕಸಭೆಯ ಅವಧಿಯನ್ನು ಒಂದೊಂದು ವರ್ಷದಂತೆ ಎರಡು ಸಲ ಹಿಗ್ಗಿಸಿಕೊಂಡಿದ್ದ ಇಂದಿರಾ, 1977ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ಚುನಾವಣೆ ಅಂದರು. ಯಾಕೆ ಅಂದರು ಅನ್ನುವುದಕ್ಕೆ ಹತ್ತು ಜನ ಹತ್ತು ಕಾರಣ ಹೇಳುತ್ತಾರೆ. ಗೆದ್ದೇ ಗೆಲ್ಲುತ್ತೇನೆ ಎಂಬ ನಂಬಿಕೆ ಇದ್ದದ್ದಂತೂ ಹೌದು. ಐದು ದಿನಕ್ಕೆ, ಜನವರಿ 23ರಂದು, ಜನತಾ ಪಕ್ಷ ಹುಟ್ಟಿತು. ಸಂಸ್ಥಾ ಕಾಂಗ್ರೆಸ್, ಜನಸಂಘ, ಭಾರತೀಯ ಲೋಕದಳ, ಸಮಾಜವಾದಿ ಪಕ್ಷ, ನಾಲ್ಕೂ ಸೇರಿದವು. ಹೊಸ ಚಿಹ್ನೆಗೆ ಸಮಯವಿಲ್ಲದೆ ಲೋಕದಳದ ನೇಗಿಲು ಹೊತ್ತ ರೈತನನ್ನೇ ಇಟ್ಟುಕೊಂಡರು. ಫೆಬ್ರವರಿ 2ಕ್ಕೆ ಬಾಬು ಜಗಜೀವನರಾಂ ಸಂಪುಟಕ್ಕೆ ರಾಜೀನಾಮೆ ಎಸೆದು ಹೊರಬಂದಾಗ ಗಾಳಿ ತಿರುಗಿತು. ಅವರ ಸಭೆಗೆ ಜನ ಸೇರದಿರಲಿ ಅಂತ ದೆಹಲಿ ದೂರದರ್ಶನ ಅಂದು ಸಂಜೆ 'ಬಾಬಿ' ಸಿನಿಮಾ ಹಾಕಿತಂತೆ. ಆದರೂ ಮೈದಾನ ತುಂಬಿತು ಅಂತ ಹಳಬರು ಇಂದಿಗೂ ನಗುತ್ತಾ ಹೇಳುತ್ತಾರೆ.

ಫೆಬ್ರವರಿ 11ರಂದು ರಾಷ್ಟ್ರಪತಿ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ನಮ್ಮ ಜಮಖಂಡಿಯ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಕಾಂಗ್ರೆಸ್ಸೇತರ ಮೊದಲ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದವರು ಹಿಂದೆ ಇದೇ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ.

ನಮ್ಮ ಮನೆಯಲ್ಲಿ ಆ ಚುನಾವಣೆ ಹೇಗಿತ್ತು ಅಂದರೆ, ಅಪ್ಪ-ಮಗ ಊಟಕ್ಕೆ ಒಂದೇ ಸಾಲಿನಲ್ಲಿ ಕೂರುತ್ತಿದ್ದರು, ಮಾತಿಲ್ಲ. ಅಜ್ಜಯ್ಯನದು ಹಸು-ಕರು. ಅಪ್ಪಯ್ಯನದು ನೇಗಿಲು ಹೊತ್ತ ರೈತ. ಜೀವಮಾನವಿಡೀ ನೇಗಿಲು ಹೊತ್ತವರು ಅಜ್ಜಯ್ಯ, ಅವರು ಆ ಗುರುತಿಗೆ ಮುದ್ರೆ ಒತ್ತಲಿಲ್ಲ. ನೇಗಿಲು ಮುಟ್ಟದೆ ಚಾಕ್‌ಪೀಸು ಹಿಡಿದ ಮಗ ಅದಕ್ಕೇ ಒತ್ತಿದರು.

ಒಂದು ರಾತ್ರಿ ಮಾತ್ರ ಜೋರು ಮಾತಾಯಿತು. ನಾನು ಹೊದ್ದುಕೊಂಡು ಕೇಳಿಸಿಕೊಳ್ಳುತ್ತಿದ್ದೆ.

"ಜೈಲಲ್ಲಿ ಕೊಳೀತಿರೋರು ಕಳ್ಳರಲ್ಲ ಅಪ್ಪಯ್ಯ. ಕಾಗೋಡಿನಲ್ಲಿ ಗೇಣಿದಾರರ ಪರ ನಿಂತೋರು ಇವರೇ. ನಿಮಗೆ ಗದ್ದೆ ಕೊಡಬೇಕು ಅಂತ ಮೊದ್ಲು ಕೂಗಿದ್ದು ಇವರು."

"ಕೂಗಿದ್ದು ಇವರು ಹೌದು. ಕೊಟ್ಟಿದ್ದು ಯಾರು?"

"ಕಾಯ್ದೆ ಆಗಿದ್ದು ಎಪ್ಪತ್ನಾಲ್ಕರಲ್ಲಿ, ಎಮರ್ಜೆನ್ಸಿಗಿಂತ ಮೊದ್ಲು. ವಿಧಾನಸಭೇಲಿ ಚರ್ಚೆ ಮಾಡಿ ಮಾಡಿದ್ದು. ಅದಕ್ಕೆ ಜನರ ಬಾಯಿ ಹೊಲೀಬೇಕಾಗಿರಲಿಲ್ಲ."

"ನಿನ್ನ ದೇಶ ದೊಡ್ಡದು ಮಾರಾಯ. ನನ್ನದು ಮೂರು ಎಕರೆ."

ಅಲ್ಲಿಗೆ ಮಾತು ನಿಂತಿತು.

ಅಪ್ಪಯ್ಯ ಹೇಳಿದ ಕಾಗೋಡಿನ ವಿಷಯ ನಿಜ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹವಾದಾಗ ಅದರ ಜೊತೆ ನಿಂತವರು ಎಚ್. ಗಣಪತಿಯಪ್ಪ, ಗೋಪಾಲಗೌಡರು. ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು 1972ರಲ್ಲೇ ತೀರಿಕೊಂಡರು, ಅವರು ಬಯಸಿದ ಕಾಯ್ದೆಯನ್ನು ನೋಡಲಿಲ್ಲ. ಅದನ್ನು ಜಾರಿಗೆ ತಂದದ್ದು ಅವರು ಎದುರಿಸುತ್ತಾ ಬಂದ ಪಕ್ಷದ ಮುಖ್ಯಮಂತ್ರಿ. ಆ ಕಾಯ್ದೆಯ ಕೆಲಸ ಭರದಿಂದ ಸಾಗಿದ ದಿನಗಳಲ್ಲಿ ಗೋಪಾಲಗೌಡರ ಸಂಗಾತಿಗಳು ಜೈಲಿನಲ್ಲಿದ್ದರು. ಚರಿತ್ರೆ ಹೀಗೆ ಯಾರ ಲೆಕ್ಕಕ್ಕೂ ಸಿಗದಂತೆ ಗಂಟು ಹಾಕಿಕೊಳ್ಳುತ್ತದೆ ನೋಡಿ.

* * *

ಮಾರ್ಚ್ 16ರಿಂದ 20ರವರೆಗೆ ಮತದಾನ. 20ರ ರಾತ್ರಿ ಫಲಿತಾಂಶ ಬರತೊಡಗಿತು. ಅಪ್ಪಯ್ಯ ರೇಡಿಯೋ ಕಿವಿಗೆ ಹಚ್ಚಿ ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ. ಬ್ಯಾಟರಿ ವೀಕಾಗಿ ಸ್ವರ ಎಳೆಯುತ್ತಿತ್ತು. ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಇಂದಿರಾ ಅವರನ್ನು 55 ಸಾವಿರ ಮತಗಳಿಂದ ಸೋಲಿಸಿದ್ದರು. ಅಮೇಠಿಯಲ್ಲಿ ಸಂಜಯ ಗಾಂಧಿಯೂ ಸೋತರು. ಬೇಡಿ ಹಾಕಿದ ಕೈ ಎತ್ತಿದ ಫೋಟೋವೇ ಪ್ರಚಾರವಾಗಿದ್ದ ಜಾರ್ಜ್, ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ, ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಇಲ್ಲ. 1971ರಲ್ಲಿ 352 ಇದ್ದ ಕಾಂಗ್ರೆಸ್ 154ಕ್ಕೆ ಇಳಿಯಿತು. ಜನತಾ ಚಿಹ್ನೆಯಲ್ಲಿ 295 ಜನ ಗೆದ್ದರು. 21ರಂದು ತುರ್ತು ಪರಿಸ್ಥಿತಿ ಹೋಯಿತು.

ಆದರೆ ಕರ್ನಾಟಕ? 28ರಲ್ಲಿ 26 ಕಾಂಗ್ರೆಸ್ಸಿಗೆ! ನಮ್ಮ ಚಿಕ್ಕಮಗಳೂರಿನಲ್ಲೂ ಕಾಂಗ್ರೆಸ್ಸಿನ ಡಿ.ಬಿ. ಚಂದ್ರೇಗೌಡರೇ. ಆಂಧ್ರದಲ್ಲಿ 42ರಲ್ಲಿ 41. ಕೇರಳದ ಇಪ್ಪತ್ತೂ ಕಾಂಗ್ರೆಸ್ ಮತ್ತು ಅದರ ಜೊತೆಗಾರರಿಗೆ. ವಿಂಧ್ಯದ ಆಚೆಗೊಂದು ದೇಶ, ಈಚೆಗೊಂದು ದೇಶ ಎಂಬಂತಾಯಿತು.

ಉತ್ತರದ ಕೆಲವರು ಆಗ ದಕ್ಷಿಣದವರಿಗೆ ಸ್ವಾತಂತ್ರ್ಯದ ಬೆಲೆ ಗೊತ್ತಿಲ್ಲ ಎಂಬಂತೆ ಮಾತಾಡಿದರು. ಅಪ್ಪಯ್ಯನಿಗೂ ಹಾಗೇ ಅನ್ನಿಸಿತ್ತು. ನನಗೆ ಹಾಗನ್ನಿಸುವುದಿಲ್ಲ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಬಲವಂತದ ಪೆಟ್ಟು ಉತ್ತರದ ಹಳ್ಳಿಗಳಲ್ಲಿ ಬಿದ್ದಷ್ಟು ಇಲ್ಲಿ ಬೀಳಲಿಲ್ಲ. ದೆಹಲಿಯ ತುರ್ಕ್‌ಮನ್ ಗೇಟಿನಲ್ಲಿ ಬುಲ್ಡೋಜರ್ ಮನೆಗಳನ್ನು ಕೆಡವಿತು. ನಮ್ಮೂರಿನಲ್ಲಿ ಅದೇ ವರ್ಷ ನ್ಯಾಯಮಂಡಳಿ ಬಂದು ಗದ್ದೆ ಕೊಟ್ಟಿತು. ಅಲ್ಲಿಯ ಬಡವನ ಮನೆ ಬಾಗಿಲಿಗೆ ಸರ್ಕಾರ ಬಂದ ರೀತಿ ಬೇರೆ, ಇಲ್ಲಿಯ ಬಡವನ ಬಾಗಿಲಿಗೆ ಬಂದ ರೀತಿ ಬೇರೆ. ಇಬ್ಬರೂ ತಮ್ಮ ಬಾಗಿಲಿಗೆ ಬಂದದ್ದನ್ನು ನೋಡಿ ಮುದ್ರೆ ಒತ್ತಿದರು.

ಹಾಗಂತ ಅಜ್ಜಯ್ಯನ ಪಕ್ಷ ವಹಿಸಿ ಮುಗಿಸುವಂತೆಯೂ ಇಲ್ಲ. ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದವರಿಗೆ ಆ ಕಾಯ್ದೆಯಿಂದ ಒಂದು ಗುಂಟೆಯೂ ಸಿಗಲಿಲ್ಲ. ಗೇಣಿದಾರನಿಗೆ ಭೂಮಿ ಸಿಕ್ಕಿತೇ ಹೊರತು ಕೂಲಿಯವನಿಗಲ್ಲ. ಅವರ ಹೆಸರು ಯಾವ ಚೀಟಿಯಲ್ಲೂ ಇರಲಿಲ್ಲ. ಅವರ ಮಕ್ಕಳಲ್ಲಿ ಒಬ್ಬ ನನ್ನ ಕ್ಲಾಸ್‌ಮೇಟು. 'ನಿಮ್ಮ ಅಜ್ಜನಿಗೆ ಸಿಕ್ತು, ನಮ್ಮ ಅಜ್ಜನಿಗೆ ಯಾಕಿಲ್ಲ?' ಅಂತ ಅವನು ದೊಡ್ಡವನಾದ ಮೇಲೆ ಒಂದು ಸಲ ಕೇಳಿದ. ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ಇಬ್ಬರು ಗೆದ್ದ ಜನತಾದವರಲ್ಲಿ ಒಬ್ಬರ ಬಗ್ಗೆ ಹೇಳಲೇಬೇಕು. ಬೆಂಗಳೂರು ದಕ್ಷಿಣದಿಂದ ಆರಿಸಿ ಬಂದ ಕೆ.ಎಸ್. ಹೆಗ್ಡೆ. ಕಾರ್ಕಳ ಕಡೆಯವರು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಕೇಶವಾನಂದ ಭಾರತಿ ಮೊಕದ್ದಮೆಯ ತೀರ್ಪು ಬಂದ ಬೆನ್ನಿಗೇ, 1973ರ ಏಪ್ರಿಲಿನಲ್ಲಿ, ಹಿರಿತನದಲ್ಲಿ ಮುಂದಿದ್ದ ಮೂವರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟ ಮೂವರಲ್ಲಿ ಒಬ್ಬರು. 1977ರ ಜುಲೈನಲ್ಲಿ ಅವರೇ ಲೋಕಸಭೆಯ ಸ್ಪೀಕರ್ ಆದರು. ಅಪ್ಪಯ್ಯನಿಗೆ ಇದು ಬಹಳ ಸಮಾಧಾನ ಕೊಟ್ಟ ಸಂಗತಿ. ಪೇಪರಿನ ಫೋಟೋ ಕತ್ತರಿಸಿ ಇಟ್ಟಿದ್ದರು.

* * *

ಫಲಿತಾಂಶ ಬಂದ ಕೆಲವು ದಿನಕ್ಕೆ ಅಪ್ಪಯ್ಯನ ಗೆಳೆಯರು ನಮ್ಮ ಮನೆಗೆ ಬಂದರು. ಗಡ್ಡ ಬಿಟ್ಟು, ಸೊರಗಿ, ಗುರುತೇ ಸಿಗದ ಹಾಗಾಗಿದ್ದರು. ಅಪ್ಪಯ್ಯ ಅವರ ಮುಖ ನೋಡಲಾರದೆ ಒಳಗೂ ಹೊರಗೂ ಓಡಾಡುತ್ತಿದ್ದರು. ಅಜ್ಜಯ್ಯ ಕಾಲು ತೊಳೆಯಲು ನೀರು ಕೊಟ್ಟು, ಎಲೆ ಅಡಿಕೆ ತಟ್ಟೆ ಮುಂದಿಟ್ಟು ಕೂತರು. ಊಟವಾದ ಮೇಲೆ ಗೆಳೆಯರು ಜಗಲಿಯಿಂದ ಗದ್ದೆ ಕಡೆ ನೋಡುತ್ತಾ, "ಗೌಡ್ರೇ, ಈ ಸಲ ಗೇಣಿ ಅಳೆಯೋ ಕೆಲಸ ಇರಲಿಲ್ಲ ಅಲ್ವಾ?" ಅಂದರು.

"ಇರಲಿಲ್ಲ ಮೇಷ್ಟ್ರೇ" ಅಂದರು ಅಜ್ಜಯ್ಯ.

"ನಮ್ಮೋರು ಕಾಗೋಡಲ್ಲಿ ಜೈಲಿಗೆ ಹೋಗಿದ್ದು ಇದಕ್ಕೇ. ಕೊಟ್ಟೋರು ಯಾರಾದ್ರೇನು ಬಿಡಿ."

ಅಜ್ಜಯ್ಯ ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಚೀಲ ಅಕ್ಕಿ ಹೊತ್ತು ತಂದು ಅವರ ಮುಂದೆ ಇಟ್ಟರು. ಗೇಣಿ ಕೊಡದೆ ಉಳಿದ ಮೊದಲ ಭತ್ತದ ಅಕ್ಕಿ. ಆ ಚೀಲ ಬಸ್ ಸ್ಟಾಪಿನವರೆಗೆ ಹೊತ್ತುಕೊಂಡು ಹೋದದ್ದು ಅಪ್ಪಯ್ಯ. ಆವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ-ಮಗ ಮಾತಾಡಿದರು. ಪತ್ರ ಮಾತ್ರ ಅಪ್ಪಯ್ಯ ಗೆಳೆಯರ ಕೈಗೆ ಕೊಡಲೇ ಇಲ್ಲ.

* * *

ಇನ್ನು ಅಪ್ಪಯ್ಯ ನಂಬಿದ ಹೊಸ ನಾಯಕತ್ವದ ಕಥೆ. ಮಾರ್ಚ್ 24ರಂದು ಜನತಾ ಸಂಸದರು ರಾಜಘಾಟಿನಲ್ಲಿ ಗಾಂಧಿ ಸಮಾಧಿಯ ಎದುರು ಪ್ರತಿಜ್ಞೆ ಮಾಡಿದರು. ಅಂದೇ 81 ವರ್ಷದ ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಜಗಜೀವನರಾಂ, ಚರಣ್ ಸಿಂಗ್ ಇಬ್ಬರಿಗೂ ಆ ಕುರ್ಚಿಯ ಮೇಲೆ ಕಣ್ಣಿತ್ತು. ಜಗಳ ಮೊದಲ ದಿನದಿಂದಲೇ ಶುರು. ಜನಸಂಘದಿಂದ ಬಂದವರ ಆರೆಸ್ಸೆಸ್ ನಂಟು ಇನ್ನೊಂದು ಜಗಳ. 1979ರ ಜುಲೈನಲ್ಲಿ ಮೊರಾರ್ಜಿ ರಾಜೀನಾಮೆ. ಚರಣ್ ಸಿಂಗ್ ಪ್ರಧಾನಿಯಾಗಿ ಒಂದು ದಿನವೂ ಲೋಕಸಭೆ ಎದುರಿಸದೆ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ಅಕ್ಟೋಬರ್ 8ಕ್ಕೆ ಜೆಪಿ ತೀರಿಕೊಂಡರು. ಅಪ್ಪಯ್ಯ ಆವತ್ತು ಶಾಲೆಯಿಂದ ಬಂದು ದೀಪ ಹಚ್ಚುವ ಹೊತ್ತಾದರೂ ಅಂಗಿ ಬಿಚ್ಚದೆ ಕೂತಿದ್ದರು.

ಅದಕ್ಕೆ ಮೊದಲು ನಮ್ಮೂರಿಗೇ ಚರಿತ್ರೆ ನಡೆದು ಬಂದಿತ್ತು. 1978ರಲ್ಲಿ ಚಂದ್ರೇಗೌಡರು ರಾಜೀನಾಮೆ ಕೊಟ್ಟು ಕ್ಷೇತ್ರ ತೆರವು ಮಾಡಿದರು. ನವೆಂಬರಿನ ಉಪಚುನಾವಣೆಗೆ ಇಂದಿರಾ ಗಾಂಧಿ ನಿಂತರು. ಎದುರಿಗೆ ಹಿಂದೆ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರು, ಜನತಾ ಪಕ್ಷದಿಂದ. 'ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರ್ ಭಾಯ್ ಚಿಕ್ಕಮಗಳೂರ್' ಅಂತ ಹಿಂದಿ ಬಾರದ ನಾವೂ ಕೂಗಿಕೊಂಡು ಓಡಾಡಿದೆವು. ಅಜ್ಜಯ್ಯ ರಸ್ತೆ ಬದಿಯಲ್ಲಿ ಮೂರು ಗಂಟೆ ಕಾದು ಇಂದಿರಮ್ಮನನ್ನು ನೋಡಿ ಬಂದರು. ಅಪ್ಪಯ್ಯ ಜಾರ್ಜ್ ಭಾಷಣ ಕೇಳಿ ಬಂದರು. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿ ತಿಹಾರ್ ಜೈಲಿಗೆ ಕಳಿಸಿತು. 1980ರ ಜನವರಿಯಲ್ಲಿ 353 ಸ್ಥಾನ ಗೆದ್ದು ಅವರು ಮತ್ತೆ ಪ್ರಧಾನಿ.

ಆಮೇಲೆ ಯಾರು ಎಲ್ಲಿಗೆ ಹೋದರು ನೋಡಿ. ಅಜ್ಜಯ್ಯ ದೇವರ ಪಟದ ಪಕ್ಕ ಇಟ್ಟಿದ್ದ ಅರಸು 1979ರಲ್ಲಿ ಇಂದಿರಾ ಅವರಿಂದ ದೂರವಾದರು, 1980ರ ಜನವರಿಯಲ್ಲಿ ಅಧಿಕಾರ ಕಳೆದುಕೊಂಡರು, 1982ರಲ್ಲಿ ತೀರಿಕೊಂಡರು. ಇಂದಿರಾ ವಿರುದ್ಧ ನಿಂತಿದ್ದ ವೀರೇಂದ್ರ ಪಾಟೀಲರು ಕಾಂಗ್ರೆಸ್ಸಿಗೆ ಹೋಗಿ 1989ರಲ್ಲಿ ಆ ಪಕ್ಷದಿಂದಲೇ ಮುಖ್ಯಮಂತ್ರಿಯಾದರು. ಇಂದಿರಾಗೆ ಜಾಗ ಬಿಟ್ಟುಕೊಟ್ಟ ಚಂದ್ರೇಗೌಡರು 2009ರಲ್ಲಿ ಬಿಜೆಪಿಯಿಂದ ಸಂಸದರಾದರು. ಇವರಲ್ಲಿ ಯಾರನ್ನು ನಂಬಿ ಅಪ್ಪ-ಮಗ ಮಾತು ಬಿಟ್ಟಿದ್ದರು?

* * *

ಇಷ್ಟೇ ಆಗಿದ್ದರೆ 'ರಾಜಕೀಯ ಅಂದ್ರೆ ಇಷ್ಟೇ ಮಾರಾಯ್ರೇ' ಅಂತ ಕೈ ಝಾಡಿಸಿ ಎದ್ದುಬಿಡಬಹುದಿತ್ತು. ಆದರೆ ಆ ಜಗಳಗಂಟ ಜನತಾ ಸರ್ಕಾರ ಹೋಗುವ ಮುಂಚೆ ಒಂದು ಕೆಲಸ ಮಾಡಿ ಹೋಗಿತ್ತು. ಅದು 1978ರ 44ನೇ ತಿದ್ದುಪಡಿ. ಅದಕ್ಕಿಂತ ಮುಂಚೆ 'ಆಂತರಿಕ ಕ್ಷೋಭೆ' ಅನ್ನುವ ಸಡಿಲ ಮಾತಿನ ಮೇಲೆ ತುರ್ತು ಪರಿಸ್ಥಿತಿ ಹೇರಬಹುದಿತ್ತು. ಈಗ ಆ ಜಾಗದಲ್ಲಿ 'ಸಶಸ್ತ್ರ ಬಂಡಾಯ' ಅಂತ ಇದೆ. ಸಂಪುಟದ ಲಿಖಿತ ಸಲಹೆ ಇಲ್ಲದೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ. ಆರು ವರ್ಷಕ್ಕೆ ಏರಿಸಿದ್ದ ಲೋಕಸಭೆಯ ಅವಧಿ ಮತ್ತೆ ಐದಕ್ಕೆ ಬಂತು. ಮುಖ್ಯವಾಗಿ, ಜೀವದ ಹಕ್ಕನ್ನು ಕಾಯುವ 21ನೇ ವಿಧಿಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ.

ಈ ಕೊನೆಯದು ಎಷ್ಟು ದೊಡ್ಡದು ಅಂತ ಗೊತ್ತಾಗಬೇಕಾದರೆ 1976ರ ಏಪ್ರಿಲ್ 28 ನೆನಪಿಸಿಕೊಳ್ಳಬೇಕು. ಸುಮ್ಮನೆ ಹಿಡಿದು ಒಳಗಿಟ್ಟವರು ನ್ಯಾಯಾಲಯಕ್ಕೆ ಬರಬಹುದು ಅಂತ ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಹೇಳಿದ್ದವು. ಬರುವಂತಿಲ್ಲ ಅಂತ ಸುಪ್ರೀಂ ಕೋರ್ಟು ಅಂದು ತೀರ್ಪು ಕೊಟ್ಟಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅಪ್ಪಯ್ಯ ಪತ್ರ ಬರೆದು ಅಂಚೆಗೆ ಹಾಕದೆ ಇಟ್ಟ ವರ್ಷವೇ ಅದು. ಇಡೀ ದೇಶದ ಅತಿದೊಡ್ಡ ನ್ಯಾಯಾಲಯವೇ ಹೆದರಿದ್ದಾಗ ಮಲೆನಾಡಿನ ಒಬ್ಬ ಮೇಷ್ಟ್ರು ಹೆದರಿದ್ದು ಅಪರಾಧವಾ? ಅವರು ಬದುಕಿದ್ದಾಗ ಈ ಮಾತು ಹೇಳಲು ನನಗೆ ಗೊತ್ತಾಗಲಿಲ್ಲ. ಪತ್ರ ಇರುವ ವಿಷಯವೇ ಗೊತ್ತಿರಲಿಲ್ಲವಲ್ಲ.

ಕೊನೆಗೆ ಉಳಿದದ್ದು ಏನು ಅಂತ ನೋಡಿದರೆ, ಅಜ್ಜಯ್ಯ ನಂಬಿದ ಅರಸು ಹೋದರು, ಮೂರು ಎಕರೆಯ ಆ ಕಾಗದ ಉಳಿಯಿತು. ಆ ಗದ್ದೆಯ ಅಕ್ಕಿ ತಿಂದೇ ನಾವು ನಾಲ್ಕು ಜನ ಮಕ್ಕಳು ಓದಿದ್ದು. ಅಪ್ಪಯ್ಯ ನಂಬಿದ ಜನತಾ ಪಕ್ಷ ಚೂರುಚೂರಾಯಿತು, 44ನೇ ತಿದ್ದುಪಡಿ ಉಳಿಯಿತು. ಇವತ್ತು ನಾನು ಬೇಕಾದ್ದನ್ನು ಬರೆದು ನಿಶ್ಚಿಂತೆಯಿಂದ ಮಲಗುತ್ತೇನಾದರೆ ಅದರಲ್ಲಿ ಆ ತಿದ್ದುಪಡಿಯ ಪಾಲೂ ಇದೆ. ಕಾಗದವೇ ಎಲ್ಲವನ್ನೂ ಕಾಯುತ್ತದೆ ಅಂತ ನಾನು ಹೇಳುತ್ತಿಲ್ಲ. ಅದನ್ನು ಹಿಡಿದು ನಿಲ್ಲುವ ಜನ ಬೇಕು. ಆದರೆ ಹಿಡಿದು ನಿಲ್ಲಲು ಕಾಗದವಾದರೂ ಇರಬೇಕಲ್ಲ.

ಅದಕ್ಕೇ ಮರುದಿನ ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಹುಡುಗನಿಗೆ ಹೇಳಿದೆ: "ಹೌದು ಮಗಾ, ನಮ್ಮ ಕಾಲದಲ್ಲೂ ಒಬ್ಬರು ಬಂದ್ರೆ ಎಲ್ಲ ಸರಿ ಹೋಗುತ್ತೆ ಅಂದ್ಕೊಂಡಿದ್ರು. ಆಸೆ ಪಡೋದು ತಪ್ಪಲ್ಲ. ಆಸೆ ಇಲ್ದೆ ಯಾರು ಸಾಲಲ್ಲಿ ನಿಂತು ಓಟು ಹಾಕ್ತಾರೆ? ಆದ್ರೆ ನೀನು ಓಟು ಹಾಕಿದೋರು ಹೋದ್ಮೇಲೂ ನಿನ್ನ ಕೈಯಲ್ಲಿ ಏನು ಉಳಿಯುತ್ತೆ ಅಂತ ಒಂದ್ಸಲ ಕೇಳ್ಕೋ. ಆಮೇಲೆ, ಬೇರೆಯವರಿಗೆ ಓಟು ಹಾಕಿದೋರ ಜೊತೆ ಮಾತು ಬಿಡಬೇಡ."

"ನೀವು ಯಾರಿಗೆ ಹಾಕಿದ್ರಿ ದೊಡ್ಡಪ್ಪ?" ಅಂದ ಕಳ್ಳ. ಹೇಳಲಿಲ್ಲ.

ಲಕೋಟೆಯನ್ನು ಈಗ ನಾನು ಬೆಂಗಳೂರಿಗೆ ತಂದಿಟ್ಟುಕೊಂಡಿದ್ದೇನೆ. ಅಪ್ಪಯ್ಯನ ಗೆಳೆಯರೂ ಈಗಿಲ್ಲ. ಅವರ ಮಗಳಿಗೆ ಆ ಪತ್ರ ತಲುಪಿಸಬೇಕು ಅಂದುಕೊಂಡಿದ್ದೇನೆ. ಅಂಟು ಬಿಚ್ಚಿ ಓದಿಲ್ಲ, ಓದುವುದೂ ಇಲ್ಲ. ಅದು ನನಗೆ ಬರೆದದ್ದಲ್ಲ.

ನಿಮ್ಮ ಮನೆಯಲ್ಲಿ 1977 ಹೇಗಿತ್ತು? ಹಿರಿಯರು ಯಾರಾದರೂ ಇದ್ದರೆ ಕೇಳಿ ನೋಡಿ. ಅವರು ಯಾರಿಗೆ ಓಟು ಹಾಕಿದರು ಅಂತಲ್ಲ, ಏನು ಬರುತ್ತದೆ ಅಂತ ಕಾದಿದ್ದರು ಅಂತ ಕೇಳಿ. ಬೇಗ ಕೇಳಿ.